ಕೊಲೆಗಾರ ಯಾರೆಂದು ಯಾರೂ ಕೇಳಲಿಲ್ಲ

ಮುನ್ನೂರು ಪುಸ್ತಕ ಪುಕ್ಕಟೆ ಹಂಚಿ ನಾಲ್ಕು ತಿಂಗಳಾಗಿತ್ತು. ಒಂದೇ ಒಂದು ಕಾರ್ಡು ಬಂದಿರಲಿಲ್ಲ.

ಅಂಬುಜಮ್ಮನಿಗೆ ದುಃಖಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಭಕ್ತಿಯ ಪುಸ್ತಕವೋ ಅಡುಗೆಯ ಪುಸ್ತಕವೋ ಆಗಿದ್ದರೆ ಜನ ಓದಿ ಸುಮ್ಮನಾದರು ಅಂದುಕೊಳ್ಳಬಹುದು. ಇದು ಪತ್ತೇದಾರಿ ಕಾದಂಬರಿ. ಮೊದಲನೆಯ ಅಧ್ಯಾಯದಲ್ಲೇ ಒಬ್ಬ ಮನುಷ್ಯ ಸತ್ತು ಬಿದ್ದಿದ್ದ. ಕೊಂದವರು ಯಾರು ಅನ್ನುವುದು ಹದಿಮೂರನೆಯ ಅಧ್ಯಾಯದಲ್ಲಿತ್ತು. ಆ ಹದಿಮೂರನೆಯದನ್ನು ಆಕೆ ಬೇಕೆಂದೇ ಪುಸ್ತಕಕ್ಕೆ ಸೇರಿಸದೆ, ಬೇರೆಯಾಗಿ ಹೊಲಿಸಿ, ಬೀರುವಿನಲ್ಲಿ ಇಟ್ಟುಕೊಂಡಿದ್ದಳು. ಪುಸ್ತಕದ ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: ‘ಕೊಲೆಗಾರ ಯಾರೆಂದು ತಿಳಿಯಬೇಕೆ? ಕೆಳಗಿನ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಕೊನೆಯ ಅಧ್ಯಾಯ ನಿಮ್ಮ ಮನೆ ಬಾಗಿಲಿಗೆ ಉಚಿತವಾಗಿ ಬರುತ್ತದೆ.’

ಕಾರ್ಡು ಹಾಕಿದವರ ಹೆಸರು, ವಿಳಾಸ ಕೈಗೆ ಬರುತ್ತದೆ. ಹೀಗೆ ಒಂದು ನೂರು ಜನ ಗೊತ್ತಾದರೆ ಎರಡನೆಯ ಕಾದಂಬರಿಯನ್ನು ಅವರಿಗೇ ತಿಳಿಸಿ ಮಾರಬಹುದು. ಯಾವ ಪ್ರಕಾಶಕನ ಬಾಗಿಲನ್ನೂ ಕಾಯಬೇಕಾಗಿಲ್ಲ. ಕೊಯಮತ್ತೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತಳಾದವಳ ಉಪಾಯ ಇದು. ಅಳೆದು ತೂಗಿ ಮಾಡಿದ ಉಪಾಯ. ಕಥೆ ಕೇಳುತ್ತಾ ಬಂದವನು ಕೊನೆ ಗೊತ್ತಾಗದೆ ನಿದ್ದೆ ಮಾಡುವುದುಂಟೆ?

ಮುನ್ನೂರೂ ಜನ ಹಾಯಾಗಿ ನಿದ್ದೆ ಮಾಡುತ್ತಿದ್ದರು.

ಮೈಸೂರಿನ ಇಬ್ಬರು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದ್ದರು. ಒಬ್ಬರು ಕಾರಣವನ್ನೇ ಹೇಳಿರಲಿಲ್ಲ. ಇನ್ನೊಬ್ಬರು, ‘ತಮ್ಮ ಕಡೆಯ ಕಥೆಗೆ ನಮ್ಮ ಕಡೆ ಓದುಗರಿಲ್ಲ’ ಎಂದು ಬರೆದಿದ್ದರು. ಹಾಗಾದರೆ ನಮ್ಮ ಕಡೆಯೇ ಓದುಗರನ್ನು ಹುಡುಕುತ್ತೇನೆ ಎಂದು ಅಂಬುಜಮ್ಮ ಹಟ ತೊಟ್ಟಳು. ಕನ್ನಡದ ಅಚ್ಚುಮೊಳೆ ಕೊಯಮತ್ತೂರಿನಲ್ಲಿ ಸಿಗಲಿಲ್ಲವಾದ್ದರಿಂದ ಮೈಸೂರಿನಲ್ಲೇ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಪೋತ್ತನೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಬಿಡಿಸಿಕೊಂಡು ತಂದಳು. ಅರಿಸಿನ ಬಣ್ಣದ ರಟ್ಟು, ಅದರ ಮೇಲೆ ಒಂದು ಮಗ್ಗದ ಚಿತ್ರ, ‘ಮೂರನೆಯ ಮಗ್ಗ’ ಎಂಬ ಹೆಸರು. ನೇಕಾರರ ಬೀದಿಯಲ್ಲಿ ನಡೆಯುವ ಕೊಲೆಯ ಕಥೆ. ಈ ಜಿಲ್ಲೆಯಲ್ಲಿ ಮನೆಯೊಳಗೆ ಕನ್ನಡ ಆಡುವವರಲ್ಲಿ ನೇಕಾರರೇ ಹೆಚ್ಚು, ಆದ್ದರಿಂದ ಕಥೆಯೂ ಅವರದೇ ಇರಲಿ ಎಂದು ಆಕೆ ಲೆಕ್ಕ ಹಾಕಿದ್ದಳು.

ಆಕೆಯ ಸ್ವಂತ ಮನೆಯಲ್ಲಿ ಮಾತೆಲ್ಲ ಕನ್ನಡವೇ. ಅಕ್ಷರ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಗಂಡ ವ್ಯಾಸರಾಯ ತಮಿಳು, ಇಂಗ್ಲಿಷ್ ಓದುತ್ತಿದ್ದ, ಮಕ್ಕಳೂ ಅಷ್ಟೆ. ಅಂಬುಜಮ್ಮನಿಗೆ ಅಜ್ಜ ಮರಳ ಮೇಲೆ ಬೆರಳು ಹಿಡಿದು ತಿದ್ದಿಸಿದ್ದ. ಅಂಥ ಅಜ್ಜ ಬೀದಿಗೊಬ್ಬ ಇದ್ದೇ ಇರುತ್ತಾನೆ, ಅವನು ಉಳಿದವರಿಗೆ ಓದಿ ಹೇಳುತ್ತಾನೆ, ಐವತ್ತು ಮನೆಗೆ ಒಬ್ಬನಾದರೂ ಸಾಕು ಎನ್ನುವುದು ಅವಳ ಇನ್ನೊಂದು ಲೆಕ್ಕ.

“ಓಸಿಯಲ್ಲಿ, ಪುಕ್ಕಟೆ ಸಿಕ್ಕಿದರೆ ಫಿನಾಯಿಲನ್ನೂ ಕುಡೀತಾರೆ ಅಂತಾರಲ್ಲ,” ಎಂದು ವ್ಯಾಸರಾಯ ನಗುತ್ತಿದ್ದ. “ನಿನ್ನ ಪುಸ್ತಕಾನ ಮಾತ್ರ ಯಾರೂ ಕುಡಿದ ಹಾಗೆ ಕಾಣೆ.”

“ಕುಡಿದಿದ್ದರೆ ಹೊಟ್ಟೆನೋವು ಅಂತಾದರೂ ಒಂದು ಕಾರ್ಡು ಬರ್ತಿತ್ತು,” ಅಂದಳು ಅಂಬುಜಮ್ಮ.

ಮೇ ತಿಂಗಳ ಎರಡನೆಯ ಬುಧವಾರ ಆಕೆಗೆ ಇನ್ನು ತಡೆಯಲಾಗಲಿಲ್ಲ. ಕಥೆಯಲ್ಲಿ ಪತ್ತೇದಾರನನ್ನು ಊರೂರು ತಿರುಗಿಸಿದವಳು ತಾನೇ ಪತ್ತೆಗೆ ಹೊರಟಳು. ಉಕ್ಕಡದಲ್ಲಿ ಬಸ್ಸು ಹತ್ತಿ, ಪೊಳ್ಳಾಚಿಯ ಬಿಸಿಲು ದಾಟಿ, ಹನ್ನೊಂದು ಗಂಟೆಗೆ ಉಡುಮಲೈಪೇಟೆಯಲ್ಲಿ ಇಳಿದಳು. ನೇರ ಕೈಮಗ್ಗದ ಸಂಘಕ್ಕೆ ಹೋದಳು. ಪುಸ್ತಕ ಹಂಚಿದ್ದು ಅಲ್ಲಿಂದಲೇ. ನೂಲು ಕೊಡುವ ಗುಮಾಸ್ತೆ ದಂಡಪಾಣಿ ಒಳ್ಳೆಯವನು. ನೇಕಾರರು ವಾರದ ನೂಲಿಗೆ ಬಂದಾಗ ಪ್ರತಿ ಮನೆಯ ನೂಲುಗಂಟಿನ ಮೇಲೆ ಒಂದೊಂದು ಪುಸ್ತಕ ಇಟ್ಟುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದ.

“ಒಂದೂ ಮಿಕ್ಕಿಲ್ಲಮ್ಮಾ,” ಅಂದ ದಂಡಪಾಣಿ. “ಪಲ್ಲಡದ ದಾರಿಯೋರೂ ಕೇಳಿಕೊಂಡು ಬಂದ್ರು. ಇನ್ನೂ ಇದ್ರೆ ಕಳಿಸಿ, ರೊಂಬ ಜನ ಕೇಳ್ತವ್ರೆ.”

“ಓದಿ ಏನಂದರು?”

ದಂಡಪಾಣಿ ತಲೆ ಕೆರೆದುಕೊಂಡ. “ಏನೂ ಅನ್ನಲಿಲ್ಲ. ಕಣ್ಣಿಗೆ ಒತ್ತಿಕೊಂಡು ತಗೊಂಡು ಹೋದ್ರು.”

ಅಂಬುಜಮ್ಮನ ಕಿವಿ ನೆಟ್ಟಗಾಯಿತು. ಪತ್ತೇದಾರಿ ಕಾದಂಬರಿಯನ್ನು ಕಣ್ಣಿಗೆ ಒತ್ತಿಕೊಳ್ಳುವ ಊರನ್ನು ಆಕೆ ಕೇಳಿರಲಿಲ್ಲ. ಯಾವುದಾದರೂ ಒಂದು ಮನೆ ತೋರಿಸು ಎಂದಳು. ದಂಡಪಾಣಿ ಎರಡು ಬೀದಿ ಆಚೆ ದೇವಾಂಗರ ಬೀದಿಗೆ ಕರೆದುಕೊಂಡು ಹೋಗಿ, ಲಿಂಗಸಾಮಿಯ ಮನೆ ಮುಂದೆ ನಿಲ್ಲಿಸಿ ತನ್ನ ಕೆಲಸಕ್ಕೆ ಹಿಂದಿರುಗಿದ. ಬೀದಿಯ ಎರಡು ಕಡೆಯೂ ಮಗ್ಗದ ಸದ್ದು. ಒಳಗೆ ಲಿಂಗಸಾಮಿ ಮಗ್ಗದ ಗುಂಡಿಗೆ ಕಾಲಿಳಿಸಿ ನೇಯುತ್ತಿದ್ದ. ಅವನ ಹೆಂಡತಿ ರುಕ್ಮಣಿ ಬಾಗಿಲಿಗೆ ಬಂದಳು.

“ಸಂಘದಲ್ಲಿ ಒಂದು ಹಳದಿ ಪುಸ್ತಕ ಕೊಟ್ಟಿದ್ದರಲ್ಲಮ್ಮಾ, ಅದು ಮನೇಲಿ ಇದೆಯಾ?” ಎಂದು ಅಂಬುಜಮ್ಮ ಕೇಳಿದಳು.

ರುಕ್ಮಣಿಯ ಮುಖ ಅರಳಿತು. “ಅದೆ, ಅದೆ. ಕಾಲು ತೊಳ್ಕೊಂಡು ಬನ್ನಿ.”

ಕಾಲು ಯಾಕೆ ತೊಳೆಯಬೇಕು ಎಂದು ಕೇಳುವಷ್ಟರಲ್ಲಿ ಚೊಂಬಿನಲ್ಲಿ ನೀರು ಬಂದೇಬಿಟ್ಟಿತು. ಅಂಬುಜಮ್ಮ ಕಾಲು ತೊಳೆದು ಒಳಗೆ ಹೋದಳು. ಮಗ್ಗದ ಪಕ್ಕದ ಗೋಡೆಯಲ್ಲಿ ದೇವರ ಗೂಡು. ಒಳಗೆ ಚೌಡೇಶ್ವರಿಯ ಪಟ. ಪಟದ ಮುಂದೆ ಮಣೆ, ಮಣೆಯ ಮೇಲೆ ‘ಮೂರನೆಯ ಮಗ್ಗ’. ರಟ್ಟಿನ ನಾಲ್ಕು ಮೂಲೆಗೂ ಕುಂಕುಮ ಹಚ್ಚಿತ್ತು. ಮಧ್ಯಕ್ಕೆ ಅಡ್ಡ ಉದ್ದ ಹೊಸ ನೂಲು ಸುತ್ತಿ ಗಂಟು ಹಾಕಿತ್ತು. ಆ ಗಂಟನ್ನು ನಾಲ್ಕು ತಿಂಗಳಿಂದ ಯಾರೂ ಬಿಚ್ಚಿರಲಿಲ್ಲ. ಮೇಲೊಂದು ಕನಕಾಂಬರ, ಅವತ್ತಿನದೇ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವವೇ ಬಂದು ಪುಸ್ತಕದ ಮೇಲೆ ಕೂತಿತ್ತು.

“ಇದನ್ನ ಇಲ್ಲಿ ಯಾಕಮ್ಮಾ ಇಟ್ಟಿದ್ದೀರಿ?”

“ಮತ್ತೆಲ್ಲಿ ಇಡೋದು?” ರುಕ್ಮಣಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಕನ್ನಡ ಅಕ್ಷರ ತಾನೇ. ಗುರುಮಠದಿಂದ ಬರೋ ಓಲೆಯಲ್ಲಿ ಬಿಟ್ರೆ ಆ ಅಕ್ಷರ ನಾವೆಲ್ಲಿ ಕಂಡಿದ್ದೀವಿ? ಅದೂ ದುಡ್ಡಿಲ್ಲದೆ ಬಂತು. ಸುಮ್ನೆ ಯಾರು ಪುಸ್ತಕ ಕೊಡ್ತಾರೆ? ಗುರುಗಳು ಕಳಿಸಿದ್ದೇ ಕಂಡಿಪ್ಪಾ. ಇದು ಬಂದ ಮೇಲೆ ನಮ್ಮನೇಲಿ ಮಗ್ಗದ ಹಾಸುನೂಲು ಒಂದು ದಿನಾನೂ ಕಿತ್ತಿಲ್ಲ.”

ಲಿಂಗಸಾಮಿ ಲಾಳಿ ನಿಲ್ಲಿಸದೆಯೇ ಹೌದೆಂದು ತಲೆ ಆಡಿಸಿದ.

ಅಂಬುಜಮ್ಮ ಕಂಬಕ್ಕೆ ಒರಗಿದಳು. ಪುಕ್ಕಟೆ ಕೊಟ್ಟಿದ್ದಕ್ಕೇ ಹೀಗಾಯಿತು. ಎಂಟಾಣೆ ಬೆಲೆ ಇಟ್ಟಿದ್ದರೆ ಯಾರೋ ನಾಲ್ಕು ಜನ ಕೊಂಡು, ಏನು ಬರೆದಿದೆ ಎಂದು ಯಾರನ್ನಾದರೂ ಕೇಳುತ್ತಿದ್ದರು. ಈಗ ಮುನ್ನೂರು ಮನೆಯ ದೇವರ ಗೂಡಿನಲ್ಲಿ ಮುನ್ನೂರು ಹೆಣ, ದಿನವೂ ಹೂವು. ಮೊದಲು ನಗು ಬಂತು. ನಗುವಿನ ಹಿಂದೆಯೇ ಹೆದರಿಕೆಯೂ ಬಂತು. ನಿಜ ಹೇಳಿದರೆ ಇವರ ಮನಸ್ಸಿಗೆ ನೋವಾಗುತ್ತದೆ. ಹೇಳದೆ ಹೋದರೆ ಆರು ವರ್ಷ ಕೂತು ಬರೆದದ್ದನ್ನು ಈ ಭೂಮಿಯ ಮೇಲೆ ಒಬ್ಬರೂ ಓದುವುದಿಲ್ಲ. ಪೂಜೆ ಬೇಡ, ಪುಣ್ಯ ಬೇಡ, ಒಬ್ಬರು ಓದಿದರೆ ಸಾಕು ಅನ್ನಿಸಿ ಆಕೆಗೆ ಅಳು ಬರುವ ಹಾಗಾಯಿತು.

ಅಷ್ಟರಲ್ಲಿ ಹಿತ್ತಲಿನಿಂದ ಲಿಂಗಸಾಮಿಯ ತಾಯಿ ಮಾರಿಯಮ್ಮ ಬಂದಳು. ಎಪ್ಪತ್ತು ದಾಟಿದ ಮುದುಕಿ, ಸೊಂಟ ಬಾಗಿದೆ, ಕಣ್ಣು ಮಾತ್ರ ಚುರುಕು. “ಯಾರಿವರು?” ಎಂದು ಸೊಸೆಯನ್ನು ಕೇಳಿದಳು.

ಅಂಬುಜಮ್ಮನೇ ಉತ್ತರಿಸಿದಳು. “ಅಜ್ಜೀ, ಈ ಪುಸ್ತಕ ಗುರುಗಳು ಕಳಿಸಿದ್ದಲ್ಲ. ಇದನ್ನ ಬರೆದವಳು ನಾನು. ಕೊಯಮತ್ತೂರಲ್ಲಿ ಟೀಚರಾಗಿದ್ದೆ. ಇದು ದೇವರ ಕಥೆ ಅಲ್ಲ. ಇದರಲ್ಲಿ ಒಂದು ಕೊಲೆ ಇದೆ.”

ಲಾಳಿ ನಿಂತಿತು. ರುಕ್ಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾರಿಯಮ್ಮ ಮಾತ್ರ ಪುಸ್ತಕವನ್ನೊಮ್ಮೆ ಅಂಬುಜಮ್ಮನನ್ನೊಮ್ಮೆ ನೋಡಿದಳು.

“ಕೊಲೆ ಇಲ್ಲದ ಪುರಾಣ ಯಾವುದಮ್ಮಾ?” ಅಂದಳು. “ನಮ್ಮ ಚೌಡವ್ವ ಎಷ್ಟು ತಲೆ ತರಿದವಳೆ. ಯಾರನ್ನ ಕೊಂದದ್ದು? ಯಾಕೆ ಕೊಂದದ್ದು?”

ನಾಲ್ಕು ತಿಂಗಳಲ್ಲಿ ‘ಯಾಕೆ’ ಅಂದ ಮೊದಲನೆಯವಳು ಈ ಮುದುಕಿ. ಅಂಬುಜಮ್ಮನಿಗೆ ಕೂಡಲೇ ಹೇಳಿಬಿಡಬೇಕು ಅನ್ನಿಸಿತು, ನಾಲಗೆ ಕಚ್ಚಿಕೊಂಡಳು. “ಹೇಳಿದರೆ ಏನು ರುಚಿ? ಓದ್ತೀನಿ, ಕೇಳಿ.”

“ಈ ಅಕ್ಷರ ಓದೋಕೆ ಬತ್ತಿದ್ದ ಒಬ್ಬ ಮುದುಕಪ್ಪ ತೀರ್ಕೊಂಡು ಹನ್ನೆರಡು ವರ್ಷ ಆಯ್ತು,” ಅಂದಳು ಮಾರಿಯಮ್ಮ. “ಬರೋ ಭಾನುವಾರ ಬನ್ನಿ. ಅವತ್ತು ಬೀದಿಯೋರೆಲ್ಲಾ ಇರ್ತಾರೆ.”

ಭಾನುವಾರ ಬೆಳಿಗ್ಗೆ ಅಂಬುಜಮ್ಮ ಚೀಲದಲ್ಲಿ ಮೊಸರನ್ನದ ಡಬ್ಬಿ, ಕನ್ನಡಕ, ಬೇರೆ ಹೊಲಿಸಿದ ಹದಿಮೂರನೆಯ ಅಧ್ಯಾಯದ ಒಂದು ಕಟ್ಟು ತುಂಬಿಕೊಂಡಳು. ವ್ಯಾಸರಾಯ ತರ್ಪಣಕ್ಕೆ ಎಳ್ಳು ಹುಡುಕುತ್ತಿದ್ದ.

“ಅಮಾವಾಸ್ಯೆ ದಿನ ಎಲ್ಲಿಗೆ ಹೊರಟೆ?”

“ಓದುಗರನ್ನ ನೋಡೋಕೆ,” ಎಂದು ಆಕೆ ಎಳ್ಳಿನ ಡಬ್ಬಿ ಎತ್ತಿಕೊಟ್ಟು ಹೊರಟಳು.

ಬೀದಿ ಶಾಂತವಾಗಿತ್ತು. ಭಾನುವಾರವಲ್ಲವೆ, ಎಲ್ಲರಿಗೂ ರಜಾ ಇರಬೇಕು ಅಂದುಕೊಂಡಳು. ಲಿಂಗಸಾಮಿಯ ಮನೆ ಮುಂದೆ ತೆಂಗಿನ ಗರಿಯ ಚಪ್ಪರ ಇತ್ತು. ಅದರ ಕೆಳಗೆ ಮೂವತ್ತು ನಲವತ್ತು ಜನ ಕೂತಿದ್ದರು. ಮಾರಿಯಮ್ಮ ದೀಪ ಹಚ್ಚಿ, ಕೈ ಮುಗಿದು, ಪುಸ್ತಕದ ನೂಲಿನ ಗಂಟು ಬಿಚ್ಚಿ ತಂದು ಅಂಬುಜಮ್ಮನ ಕೈಗೆ ಕೊಟ್ಟಳು. ಕುಂಕುಮ ಬೆರಳಿಗೆ ಅಂಟಿತು. ಇಷ್ಟು ಮರ್ಯಾದೆಯಿಂದ ಯಾವ ಪತ್ತೇದಾರಿ ಕಾದಂಬರಿಯೂ ತೆರೆದುಕೊಂಡಿರಲಾರದು.

ಅಂಬುಜಮ್ಮ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. ಒಂದು ಪುಟ ಆಗುತ್ತಿದ್ದಂತೆ ಲಿಂಗಸಾಮಿ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಪಕ್ಕದವನು ಭುಜ ಕುಣಿಸಿದ. ಯಾರೋ ಆಕಳಿಸಿದರು.

“ಏನಾಯ್ತು?” ಎಂದು ಅಂಬುಜಮ್ಮ ತಲೆಯೆತ್ತಿದಳು.

“ಕನ್ನಡ ತಾನೇ ಅಂತ ಕೇಳ್ದೆ ಅಷ್ಟೆ,” ಅಂದ ಲಿಂಗಸಾಮಿ ಸಂಕೋಚದಿಂದ.

ಹದಿನೆಂಟರ ಕಲಾ ಮುಂದಕ್ಕೆ ಸರಿದು ಕೂತಳು. ಲಿಂಗಸಾಮಿಯ ಮಗಳು, ತಮಿಳು ವಾರಪತ್ರಿಕೆಗಳ ಧಾರಾವಾಹಿ ಒಂದನ್ನೂ ಬಿಡದವಳು. “ಟೀಚರಮ್ಮಾ, ಪುಸ್ತಕದಲ್ಲಿ ಇರೋ ಹಂಗೆ ಓದ್ಬೇಡಿ. ನೋಡ್ಕೊಂಡು ನಮ್ಮ ಮಾತಲ್ಲಿ ಹೇಳಿ. ನೀವು ಮನೇಲಿ ಹೆಂಗೆ ಮಾತಾಡ್ತೀರಿ, ಹಂಗೆ.”

ಅಜ್ಜ ತಿದ್ದಿಸಿದ ಅಕ್ಷರದ ಗರ್ವ ಒಂದು ಕ್ಷಣ ಅಡ್ಡ ಬಂತು. ಆರು ವರ್ಷ ಒಂದೊಂದು ಮಾತನ್ನೂ ಆರಿಸಿ ಇಟ್ಟಿದ್ದಳು. ಆಮೇಲೆ ಆಕಳಿಸಿದವನ ಮುಖ ನೋಡಿದಳು, ಗರ್ವವನ್ನು ಚೀಲದ ಪಕ್ಕ ಇಟ್ಟಳು. ಕಣ್ಣು ಪುಟದ ಮೇಲೆ, ಬಾಯಿಯಲ್ಲಿ ಅಡುಗೆಮನೆಯ ಕನ್ನಡ. ಮುತ್ತಣ್ಣ ಚೆಟ್ಟಿ ಬೀದಿಯ ಯಜಮಾನ, ತನ್ನದೇ ಮನೆಯಲ್ಲಿ ಮೂರನೆಯ ಮಗ್ಗದ ಗುಂಡಿಯೊಳಗೆ ಸತ್ತು ಬಿದ್ದಿದ್ದಾನೆ. ತಲೆಗೆ ಏಟು. ಕೈಯಲ್ಲಿ ಹರಿದ ನೂಲು. ಜನ ಹತ್ತಿರ ಹತ್ತಿರ ಜರುಗಿದರು. ಆಕಳಿಕೆ ನಿಂತಿತು. ಮುತ್ತಣ್ಣನಿಗೆ ಹಗೆಗಳು ಯಾರ್‍ಯಾರು ಅಂದಾಗ, “ಅಂಥೋನು ನಮ್ಮ ಬೀದೀಲೂ ಒಬ್ಬ ಇದ್ದ,” ಎಂದು ಒಬ್ಬಾಕೆ ಮೆಲ್ಲಗೆ ಅಂದಳು, ಎರಡು ಮೂರು ಜನ ನಕ್ಕರು. ಅಂಬುಜಮ್ಮನ ಎದೆ ತುಂಬಿತು.

ಮೂರನೆಯ ಅಧ್ಯಾಯ ಆಕೆಗೆ ಬಹಳ ಪ್ರೀತಿಯದು. ಅದರಲ್ಲಿ ಪಕ್ಕದ ಮನೆಯ ರಂಗಪ್ಪ ಬರುತ್ತಾನೆ. ಇಡೀ ಕಾದಂಬರಿಯಲ್ಲಿ ಅವನಷ್ಟು ಒಳ್ಳೆಯವನು ಇಲ್ಲ. ಮೃದು ಮಾತು, ಯಾರನ್ನೂ ನೋಯಿಸದವನು. ತೀರಿಹೋದ ತನ್ನ ತಂದೆಯ ನಡೆ, ನಗು, ವೀಳ್ಯ ಮಡಿಸುವ ರೀತಿ ಎಲ್ಲವನ್ನೂ ಆಕೆ ರಂಗಪ್ಪನಿಗೆ ಕೊಟ್ಟಿದ್ದಳು. ಪತ್ತೇದಾರ ಅವನನ್ನು ಕೇಳುತ್ತಾನೆ: ಪಕ್ಕದ ಮನೆಯಲ್ಲೇ ಇದ್ದೆಯಲ್ಲ, ಕೂಗು ಕೇಳಿಸಲಿಲ್ಲವೆ? ರಂಗಪ್ಪ ಹೇಳುತ್ತಾನೆ: ‘ಇಲ್ಲ ಸ್ವಾಮಿ. ಅಮಾವಾಸ್ಯೆಯ ಕತ್ತಲು, ದೀಪ ಇಟ್ಟುಕೊಂಡು ಮಗ್ಗದಲ್ಲಿ ಕೂತಿದ್ದೆ. ಲಾಳಿಯ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ.’

ಮಾರಿಯಮ್ಮ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಕಥೆ ಹಿಡಿಯಿತು ಎಂದು ಅಂಬುಜಮ್ಮ ಒಳಗೊಳಗೇ ಹಿಗ್ಗಿ ಪುಟ ತಿರುಗಿಸಿದಳು.

“ಒಂದು ನಿಮಿಷ,” ಅಂದ ಲಿಂಗಸಾಮಿ. “ಯಾವತ್ತು ಮಗ್ಗದಲ್ಲಿ ಕೂತಿದ್ದೆ ಅಂದ?”

“ಅಮಾವಾಸ್ಯೆ ದಿನ.”

“ಹಂಗಾದ್ರೆ ಅವನು ಸುಳ್ಳು ಹೇಳ್ತಾವ್ನೆ.”

“ಅಯ್ಯೋ ಇಲ್ಲ, ರಂಗಪ್ಪ ಅಂಥವನಲ್ಲ. ಅವನು ಬಹಳ—”

“ಅಮ್ಮಾ, ಅಮಾವಾಸ್ಯೆ ದಿನ ಯಾವ ದೇವಾಂಗದೋನು ಮಗ್ಗಕ್ಕೆ ಕಾಲಿಡ್ತಾನೆ?” ಲಿಂಗಸಾಮಿ ಬೀದಿಯ ಕಡೆ ಕೈ ತೋರಿಸಿದ. “ಇವತ್ತು ಅಮಾವಾಸ್ಯೆ ತಾನೇ. ಎಲ್ಲಾದ್ರೂ ಒಂದು ಮಗ್ಗದ ಸದ್ದು ಕೇಳಿಸ್ತದಾ? ಅದಕ್ಕೇ ತಾನೇ ಭಾನುವಾರ ಬನ್ನಿ ಅಂತ ಅವ್ವ ನಿಮಗೆ ಹೇಳಿದ್ದು.”

ಅಂಬುಜಮ್ಮ ಕಿವಿಗೊಟ್ಟಳು. ದೂರದಲ್ಲಿ ಒಂದು ಲಾರಿ, ಹತ್ತಿರದಲ್ಲಿ ಒಂದು ಕಾಗೆ. ಎರಡು ಸಾಲು ಮನೆ, ನೂರಾರು ಮಗ್ಗ, ಒಂದೂ ಆಡುತ್ತಿರಲಿಲ್ಲ. ಕಥೆ ಬರೆಯುವ ಮುಂಚೆ ಆಕೆ ನೇಕಾರರ ಮನೆ ನೋಡಲು ಎರಡು ಸಲ ಬಂದಿದ್ದಳು, ಎರಡು ಸಲವೂ ಮಂಗಳವಾರ. ಗುಂಡಿಯ ಆಳವನ್ನು ಅಳತೆ ಟೇಪು ಹಿಡಿದು ಅಳೆದಿದ್ದಳು. ಯಾವತ್ತು ನೇಯುವುದಿಲ್ಲ ಎಂದು ಕೇಳಿರಲಿಲ್ಲ. ಕೊಲೆಗೆ ಕತ್ತಲು ಬೇಕಿತ್ತು, ಪಂಚಾಂಗ ನೋಡಿ ಅಮಾವಾಸ್ಯೆ ಹಾಕಿದ್ದಳು. ಮೂವತ್ತು ವರ್ಷದಲ್ಲಿ ಕರಿಹಲಗೆಯ ಮೇಲೆ ಒಂದು ಲೆಕ್ಕವೂ ತಪ್ಪದವಳಿಗೆ ನಲವತ್ತು ಜನರ ಎದುರು ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಆದರೆ ಆ ನಲವತ್ತು ಜನರ ಮುಖದಲ್ಲಿ ತಮಾಷೆ ಇರಲಿಲ್ಲ, ಮೆಚ್ಚಿಗೆ ಇತ್ತು.

“ಕೆಟ್ಟಿಗಳು ನೀವು,” ಎಂದು ಮಾರಿಯಮ್ಮ ತಲೆದೂಗಿದಳು. ಜಾಣೆ ಅನ್ನುವುದಕ್ಕೆ ಆ ಬೀದಿಯ ಮಾತು ಅದು. “ಸಾಕ್ಷಿಯನ್ನ ಮೂರನೇ ಕಥೇಲೇ ತಂದು ಇಟ್ಟುಬಿಟ್ಟಿದ್ದೀರಿ. ಹೊರಗಿನೋನಿಗೆ ಗೊತ್ತಾಗೋದೇ ಇಲ್ಲ. ನಮಗೆ ಅಂತಲೇ ಇಟ್ಟಿದ್ದು ತಾನೇ?”

ಹೌದು ಅಂದರೆ ಮುಗಿಯುತ್ತಿತ್ತು. ಬೀದಿಗೆ ಬೀದಿಯೇ ಆಕೆಯನ್ನು ಮೆಚ್ಚಿ ನೋಡುತ್ತಿತ್ತು. ಇಂಥ ಒಂದು ನೋಟಕ್ಕಾಗಿ ಆರು ವರ್ಷ ಬರೆದು, ಮುನ್ನೂರು ಪುಸ್ತಕ ಹಂಚಿ, ಗಂಡನ ಕೀಟಲೆ ಸಹಿಸಿದ್ದಳು. ಹೌದು ಅನ್ನುವ ಮಾತು ಗಂಟಲಿನವರೆಗೆ ಬಂತು. ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ನೋಡಿ ಬರೆದು ಪೂರ್ತಿ ಅಂಕ ತೆಗೆದುಕೊಂಡ ಎಷ್ಟೋ ಹುಡುಗಿಯರನ್ನು ತಾನೇ ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಯಿತು.

“ಇಲ್ಲ ಅಜ್ಜೀ,” ಅಂದಳು. “ನನಗೆ ಗೊತ್ತಿರಲಿಲ್ಲ. ನಾನು ತಪ್ಪು ಬರೆದಿದ್ದೀನಿ. ರಂಗಪ್ಪ ಸುಳ್ಳು ಹೇಳಲಿಲ್ಲ, ನಾನೇ ತಿಳಿಯದೆ ಹೇಳಿಸಿದೆ.”

ಲಿಂಗಸಾಮಿ ಮೊಣಕಾಲು ಹಿಡಿದುಕೊಂಡು ಕೂತಿದ್ದ.

“ನೀವು ತಿಳೀದೆ ಬರೆದಿರಬಹುದು,” ಎಂದು ನಿಧಾನವಾಗಿ ಅಂದ. “ಆದ್ರೆ ಅವನು ಹುಟ್ಟಿದಾಗಿಂದ ಮಗ್ಗದೋನು ತಾನೇ. ಅವನಿಗೆ ತಿಳೀದೆ ಇರ್ತದಾ?”

ಅಂಬುಜಮ್ಮ ಹಿಂದಿನ ಪುಟ ತಿರುಗಿಸಿ ರಂಗಪ್ಪನ ಮಾತನ್ನು ಇನ್ನೊಮ್ಮೆ ನೋಡಿದಳು.

“ಮುಂದೆ ಓದಿ,” ಅಂದಳು ರುಕ್ಮಣಿ.

ಓದಿದಳು. ಈಗ ಪ್ರತಿ ಪುಟಕ್ಕೂ ತಡೆ ಬೀಳುತ್ತಿತ್ತು. ಮಧ್ಯಾಹ್ನ ಯಾರೋ ಮಜ್ಜಿಗೆ ತಂದರು, ಮೊಸರನ್ನದ ಡಬ್ಬಿ ತೆರೆಯಲೇ ಇಲ್ಲ. ಐದನೆಯ ಅಧ್ಯಾಯದಲ್ಲಿ ರಂಗಪ್ಪನ ಮಗಳು ಪಾಪಾತಿ ಕೈಗೆ ಬಟ್ಟೆ ಸುತ್ತಿಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾಳೆ. ಓದುವವರಿಗೆ ಅಯ್ಯೋ ಪಾಪ ಅನ್ನಿಸಲಿ ಎಂದು ಆಕೆ ಸುಮ್ಮನೆ ಬರೆದ ಎರಡು ಸಾಲು ಅದು. ರುಕ್ಮಣಿ ಅಲ್ಲೇ ಹಿಡಿದಳು.

“ಕೈಗೆ ಯಾಕೆ ಬಟ್ಟೆ? ಕಂಡಿಕೆ ಸುತ್ತಿದ್ರೆ ಕೈ ಕುಯ್ಯಲ್ಲ.”

“ಸತ್ತೋನ ಕೈಯಲ್ಲಿ ಹರಿದ ನೂಲು ಇತ್ತಲ್ಲ,” ಅಂದಳು ಕಲಾ. “ಜಗ್ಗಾಡಿದ್ರೆ ನೂಲು ಬೆರಳು ಕುಯ್ತದೆ.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹನ್ನೆರಡನೆಯ ಅಧ್ಯಾಯ ಮುಗಿಯುವಷ್ಟರಲ್ಲಿ ನಾಲ್ಕೂವರೆ ಆಗಿತ್ತು. ಪುಸ್ತಕ ಮುಚ್ಚಿದ್ದನ್ನು ಯಾರೂ ಗಮನಿಸಲಿಲ್ಲ. ‘ಕೊಲೆಗಾರ ಯಾರೆಂದು ತಿಳಿಯಬೇಕೆ?’ ಎಂಬ ಸಾಲನ್ನು ಓದುವುದಕ್ಕೆ ಆಕೆಗೆ ಅವಕಾಶವೇ ಸಿಗಲಿಲ್ಲ. ಕಲಾ ಮಾತ್ರ ಜಗಳದ ಮಧ್ಯೆ ತಿರುಗಿ ಕೇಳಿದಳು: “ನೀವು ಯಾರು ಅಂತ ಬರೆದಿದ್ದೀರಿ ಟೀಚರಮ್ಮಾ?”

“ಕೊಯಮತ್ತೂರಿಂದ ಬರ್ತಾನಲ್ಲ, ಆ ವಕೀಲ.”

“ವಕೀಲನಾ?” ಲಿಂಗಸಾಮಿಗೆ ನಗು ತಡೆಯಲಿಲ್ಲ. “ಪ್ಯಾಂಟು ಹಾಕಿದೋನು ಕತ್ತಲಲ್ಲಿ ಮಗ್ಗದ ಮನೇಲಿ ನಡೆದ್ರೆ ಮೊದ್ಲು ಅವನೇ ಗುಂಡೀಲಿ ಬೀಳ್ತಾನೆ.”

ಇಡೀ ಚಪ್ಪರ ನಕ್ಕಿತು. ಅಂಬುಜಮ್ಮನೂ ನಕ್ಕಳು. ಹದಿಮೂರನೆಯ ಅಧ್ಯಾಯದ ಮುನ್ನೂರು ಪ್ರತಿ ಅಚ್ಚಾಗಿದ್ದವು, ಒಂದು ಕಟ್ಟು ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯುವ ಮನಸ್ಸು ಆಕೆಗೆ ಬರಲಿಲ್ಲ. ಮಾತು ಮತ್ತೆ ರಂಗಪ್ಪನ ಕಡೆ ತಿರುಗಿತು. ಅವನೇ ಕೊಂದ ಎಂದು ಒಂದು ಕಡೆಯವರು. ಛೆ, ಅಂಥ ಮನುಷ್ಯ ಕೊಲ್ಲಲಾರ, ಮಗಳನ್ನು ಕಾಪಾಡೋಕೆ ಸುಳ್ಳು ಹೇಳಿದ ಎಂದು ಇನ್ನೊಂದು ಕಡೆಯವರು.

ಅಂಬುಜಮ್ಮನನ್ನು ಈಗ ಯಾರೂ ನೋಡುತ್ತಿರಲಿಲ್ಲ. ಬರೆದವಳು ಇಲ್ಲೇ ಕೂತಿದ್ದಾಳೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಒಂದು ಗಳಿಗೆ ಆಕೆಗೆ ತಬ್ಬಲಿತನ ಅನ್ನಿಸಿತು. ಆಮೇಲೆ ಓದುಗರು ಅಂದರೆ ಇವರೇ ಎಂದು ತಿಳಿಯಿತು, ಸಂತೋಷವಾಯಿತು.

“ಒಳ್ಳೆಯೋನು ಅಂತ ನೀವೇ ಹೇಳಿದ್ರಿ,” ಎಂದು ಮಾರಿಯಮ್ಮ ಕೊನೆಗೆ ಈ ಕಡೆ ತಿರುಗಿದಳು. “ನಾನೂ ಒಪ್ಪುತೀನಿ. ಒಳ್ಳೆಯೋನು ಅಮಾವಾಸ್ಯೆ ದಿನ ನೇಯ್ತಿದ್ದೆ ಅಂತ ಹೇಳ್ಬೇಕಾದ್ರೆ ಅವನ ಹೊಟ್ಟೇಲಿ ಎಷ್ಟು ಸಂಕಟ ಇರ್ಬೇಕು. ಪಾಪಾತಿ ಅವತ್ತು ಮುತ್ತಣ್ಣನ ಮನೆಗೆ ಯಾಕೆ ಹೋದಳು? ಹೇಳಿ.”

ಎಲ್ಲರೂ ಅಂಬುಜಮ್ಮನ ಕಡೆ ತಿರುಗಿದರು. ನಲವತ್ತು ಮುಖ. ಆಕೆ ತಂದೆಯ ನಗುವನ್ನು ಕೊಟ್ಟು ಕೂಡಿಸಿದ್ದ ರಂಗಪ್ಪ, ಆರು ವರ್ಷ ಹತ್ತಿರವೇ ಇದ್ದವನು, ಈಗ ಏನನ್ನೋ ಮುಚ್ಚಿಟ್ಟುಕೊಂಡು ಕೂತಿದ್ದ. ಏನು ಎಂದು ಆಕೆಗೂ ತಿಳಿಯಬೇಕಿತ್ತು. ಇಷ್ಟು ವರ್ಷದಲ್ಲಿ ತನ್ನ ಕಥೆಯ ಬಗ್ಗೆ ತನಗೇ ಇಂಥ ಕುತೂಹಲ ಹುಟ್ಟಿರಲಿಲ್ಲ.

“ನನಗೂ ಗೊತ್ತಿಲ್ಲ,” ಅಂದಳು.

“ಬರೆದೋರಿಗೇ ಗೊತ್ತಿಲ್ವಾ?”

“ಬೆಳಿಗ್ಗೆವರೆಗೂ ಗೊತ್ತಿತ್ತು.”

ಲಿಂಗಸಾಮಿ ಆಕಾಶ ನೋಡಿದ. “ಅಮ್ಮಾ, ನಿಮ್ಮ ಐದು ಗಂಟೆ ಬಸ್ಸಿಗೆ ಹೊತ್ತಾಯ್ತು.” ಯಾರೋ ಚೀಲ ಎತ್ತಿ ಕೊಟ್ಟರು. ಅಂಬುಜಮ್ಮ ಎದ್ದು ನಿಂತು ಚಪ್ಪಲಿ ಹುಡುಕಿದಳು. ಕಲಾ ಒಳಗಿನಿಂದ ನೋಟುಪುಸ್ತಕ ತಂದು, ಅವರು ಇವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಮಾತು ಕನ್ನಡ, ಅಕ್ಷರ ತಮಿಳಿನದು. ತಿದ್ದಬೇಕು ಎಂದು ಅಂಬುಜಮ್ಮನಿಗೆ ಅನ್ನಿಸಲೇ ಇಲ್ಲ.

ಮಾರಿಯಮ್ಮ ಜಗಲಿಯ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಆ ಹುಡುಗಿಗೆ ಅವ್ವ ಇಲ್ವಾ?” ಎಂದು ಕೇಳಿದಳು. “ಹನ್ನೆರಡು ಕಥೇಲೂ ಅವಳ ಮಾತೇ ಇಲ್ಲ. ಅವಳು ಎಲ್ಲಿ ಹೋದಳು?”

ಪಾಪಾತಿಗೆ ತಾಯಿ ಇರಬೇಕು ಎಂಬುದೇ ಅಂಬುಜಮ್ಮನಿಗೆ ಆರು ವರ್ಷದಲ್ಲಿ ಹೊಳೆದಿರಲಿಲ್ಲ. ಆಕೆ ಚೀಲ ಕೆಳಗಿಟ್ಟು, ಮುದುಕಿಯ ಪಕ್ಕ ಕೂತು, ಕಲಾಳ ಕೈಯಿಂದ ಒಂದು ಹಾಳೆ ಕೇಳಿ ತೆಗೆದುಕೊಂಡಳು. ಐದು ಗಂಟೆಯ ಬಸ್ಸು ಹೊರಟುಹೋಯಿತು.